ಗಾಳಿಗೆ ಬೀಳದ ಪಾಸ್‌ವರ್ಡ್

ವೈಫೈ ಪಾಸ್‌ವರ್ಡ್ ಒತ್ತಿದ ಕೂಡಲೇ ಅದು ರೌಟರ್‌ಗೆ ಹೋಗುತ್ತದೆ, ರೌಟರ್ ಅದನ್ನು ತಾಳೆ ನೋಡುತ್ತದೆ ಎಂದೇ ಹೆಚ್ಚಿನವರ ನಂಬಿಕೆ. ತಪ್ಪು. ಡಬ್ಲ್ಯುಪಿಎ2 ಎಂಬ ಭದ್ರತಾ ವಿಧಾನ ಬಳಸುವ ವೈಫೈ ಜಾಲದಲ್ಲಿ ಪಾಸ್‌ವರ್ಡ್‌ನ ಒಂದಕ್ಷರವೂ ಗಾಳಿಗೆ ಬೀಳುವುದಿಲ್ಲ. ಆದರೂ ಅದು ನಿಮಗೆ ಗೊತ್ತಿದೆ ಎಂಬುದು ರೌಟರ್‌ಗೆ ಖಾತ್ರಿಯಾಗುತ್ತದೆ. ಎಷ್ಟು ಸಲ ನೆನೆದರೂ ಬೆರಗು ಹುಟ್ಟಿಸುವ ಉಪಾಯ ಇದು.

8ರಿಂದ 63 ಅಕ್ಷರಗಳ ಪಾಸ್‌ವರ್ಡನ್ನು ಜಾಲದ ಹೆಸರಿನ, ಅಂದರೆ ಎಸ್‌ಎಸ್‌ಐಡಿಯ, ಜೊತೆ ಬೆರೆಸಿ ಫೋನ್ 4096 ಸುತ್ತು ಅರೆಯುತ್ತದೆ. ಸಿಗುವುದು 256 ಬಿಟ್‌ಗಳ ಮೂಲ ಕೀಲಿ. ರೌಟರ್ ಬಳಿಯೂ ಅದೇ ಕೀಲಿ ಇದೆ. ಈಗ ರೌಟರ್ ಒಂದು ಯಾದೃಚ್ಛಿಕ ಸಂಖ್ಯೆ ಕಳಿಸುತ್ತದೆ. ಇದಕ್ಕೆ ನಾನ್ಸ್ ಎನ್ನುತ್ತಾರೆ. ಫೋನ್ ತನ್ನದೊಂದು ನಾನ್ಸ್ ಹುಟ್ಟಿಸಿ, ಎರಡು ನಾನ್ಸ್‌ಗಳನ್ನೂ ಇಬ್ಬರ ಮ್ಯಾಕ್ ವಿಳಾಸಗಳನ್ನೂ (ಸಾಧನದ ಗುರುತು ಸಂಖ್ಯೆ) ಮೂಲ ಕೀಲಿಯೊಂದಿಗೆ ಕಲಸಿ ಆ ಹೊತ್ತಿಗಷ್ಟೇ ಸಲ್ಲುವ ಕೀಲಿ ಮಾಡಿಕೊಳ್ಳುತ್ತದೆ. ಬಳಿಕ ತನ್ನ ನಾನ್ಸ್ ಜೊತೆ ಆ ಕೀಲಿಯಿಂದ ಒತ್ತಿದ ಮುದ್ರೆಯೊಂದನ್ನು ಕಳಿಸುತ್ತದೆ. ಈ ಮುದ್ರೆಯೇ ಎಂಐಸಿ. ರೌಟರ್ ತಾನೂ ಅದೇ ಲೆಕ್ಕ ಮಾಡಿ ಮುದ್ರೆ ತಾಳೆ ನೋಡುತ್ತದೆ.

ಅಶೋಕವನದಲ್ಲಿ ಹನುಮಂತ ಉಂಗುರವನ್ನೇ ಕೈಗಿತ್ತ. ಇಲ್ಲಿ ಉಂಗುರ ಬೆರಳು ಬಿಡುವುದಿಲ್ಲ, ಅರಗಿನ ಮೇಲಿನ ಅಚ್ಚು ಮಾತ್ರ ಹೋಗುತ್ತದೆ. ಅದೂ ಪ್ರತಿ ಸಲ ಹೊಸ ಅರಗು, ಹಾಗಾಗಿ ಹಳೆಯ ಅಚ್ಚನ್ನು ಕದ್ದು ತೋರಿಸಿದರೆ ನಡೆಯದು. ಮೂರನೆಯ ಸಂದೇಶದಲ್ಲಿ ರೌಟರ್ ಕೂಡ ತನ್ನ ಮುದ್ರೆ ಒತ್ತಲೇಬೇಕು; ಬರೀ ಹೆಸರು ಕದ್ದ ನಕಲಿ ರೌಟರ್ ಇಲ್ಲೇ ಎಡವುತ್ತದೆ. ನಾಲ್ಕನೆಯದು ಒಪ್ಪಿಗೆ.

ಪಾಸ್‌ವರ್ಡ್ ತಪ್ಪಾದರೆ? ಮುದ್ರೆ ಹೊಂದದ ಸಂದೇಶವನ್ನು ರೌಟರ್ ಸದ್ದಿಲ್ಲದೆ ಬಿಸಾಡುತ್ತದೆ, ತನ್ನ ಮೊದಲ ಸಂದೇಶವನ್ನೇ ಇನ್ನೂ ಕೆಲವು ಸಲ ಕಳಿಸಿ ನೋಡಿ ಸಂಪರ್ಕ ಕಡಿಯುತ್ತದೆ. 'ಪಾಸ್‌ವರ್ಡ್ ತಪ್ಪಾಗಿದೆ' ಎಂಬುದು ಆ ಮೌನಕ್ಕೆ ಫೋನ್ ಕಟ್ಟಿದ ಅರ್ಥ. ಸಿಗ್ನಲ್ ಸೊರಗಿ ಸಂದೇಶಗಳು ಕಳೆದುಹೋದಾಗಲೂ ಕೆಲವು ಫೋನ್‌ಗಳು ಅದನ್ನೇ ಹೇಳುವುದುಂಟು. ಮತ್ತೆ ಟೈಪಿಸುವ ಮೊದಲು ನಾಲ್ಕು ಹೆಜ್ಜೆ ಹತ್ತಿರ ಹೋಗಿ ನೋಡಿ.

1997ರ ವೆಪ್ ಎಂಬ ಹಳೆಯ ವೈಫೈ ಭದ್ರತಾ ವಿಧಾನದಲ್ಲಿ ಈ ಜಾಣ್ಮೆ ಇರಲಿಲ್ಲ. ಅದರ 'ಶೇರ್ಡ್ ಕೀ' ವಿಧಾನದಲ್ಲಿ ರೌಟರ್ 128 ಬೈಟ್‌ಗಳ ಪಠ್ಯವನ್ನು ಬಿಚ್ಚಾಗಿ ಕಳಿಸುತ್ತಿತ್ತು, ಕಂಪ್ಯೂಟರ್ ಅದನ್ನೇ ಗೂಢಲಿಪಿಯಲ್ಲಿ ಮರಳಿಸುತ್ತಿತ್ತು. ಕದ್ದು ಕೇಳುವವನಿಗೆ ಎರಡೂ ಸಿಕ್ಕವು. ಒಂದರಿಂದ ಇನ್ನೊಂದನ್ನು ಕಳೆದರೆ, ಕೀಲಿ ಗೊತ್ತಿಲ್ಲದೆಯೇ ಒಳಗೆ ಹೋಗಲು ಬೇಕಾದಷ್ಟು ಸರಕು ಕೈಯಲ್ಲಿ. ಗುರುತು ಕೇಳುವ ವಿಧಾನವೇ ಬಾಗಿಲು ತೆರೆದಿತ್ತು!

ಡಬ್ಲ್ಯುಪಿಎ2ಗೂ ಒಂದು ನೋವಿದೆ. ಮುದ್ರೆಯನ್ನು ಹಿಡಿದಿಟ್ಟುಕೊಂಡವನು ತನ್ನ ಕಂಪ್ಯೂಟರ್‌ನಲ್ಲಿ ಕೂತು ಲಕ್ಷಾಂತರ ಪದಗಳನ್ನು ಒಂದೊಂದಾಗಿ ಅರೆದು ತಾಳೆ ನೋಡಬಹುದು. ರೌಟರ್‌ಗೆ ಸುಳಿವೂ ಹತ್ತದು. ನಿಘಂಟಿನ ಒಂದು ಪದ, ಮೊಬೈಲ್ ನಂಬರ್ ಇವೆಲ್ಲ ಸೋಲುವುದು ಇಲ್ಲೇ. 2018ರಲ್ಲಿ ಬಂದ ಡಬ್ಲ್ಯುಪಿಎ3ರಲ್ಲಿ ಪ್ರತಿ ಊಹೆಗೂ ರೌಟರ್ ಜೊತೆ ಹೊಸದಾಗಿ ಮಾತಾಡಲೇಬೇಕು. ಸೆಟ್ಟಿಂಗ್ಸ್‌ನಲ್ಲಿ ಅದಿದ್ದರೆ ಆರಿಸಿ. ಇಲ್ಲವಾದರೆ ಡಬ್ಲ್ಯುಪಿಎ2ರ ಜೊತೆ ಟಿಕೆಐಪಿ ಎಂಬ ಹಳೆಯ ಗೂಢಲಿಪಿ ವಿಧಾನ ಬಿಟ್ಟು ಎಇಎಸ್ ಇಟ್ಟು, ಸಂಬಂಧವಿಲ್ಲದ ನಾಲ್ಕೈದು ಪದಗಳ ಉದ್ದ ಪಾಸ್‌ವರ್ಡ್ ಕೊಡಿ. ಪಾಸ್‌ವರ್ಡ್ ಬದಲು ಅಂಕಿಗಳಿಂದ ಜಾಲ ಸೇರಿಸುವ ಡಬ್ಲ್ಯುಪಿಎಸ್ ಪಿನ್ ಸೌಲಭ್ಯವನ್ನು ಆಫ್ ಮಾಡಿಬಿಡಿ: ಎಂಟು ಅಂಕಿಗಳನ್ನು ಎರಡು ತುಂಡಾಗಿ ಪರೀಕ್ಷಿಸುವುದರಿಂದ ಹೆಚ್ಚೆಂದರೆ 11,000 ಪ್ರಯತ್ನಗಳಲ್ಲಿ ಅದು ಮುರಿಯುತ್ತದೆ.

ಜಾಲದ ಹೆಸರನ್ನು ಅಡಗಿಸಿಟ್ಟರೆ ಭದ್ರ ಎಂಬ ಮಾತನ್ನಂತೂ ನಂಬಲೇಬೇಡಿ. ಅಡಗಿದ ಜಾಲವನ್ನು ಹುಡುಕಲು ಫೋನ್ ಅದರ ಹೆಸರು ಹಿಡಿದು ಕೂಗಲೇಬೇಕು, ನೀವು ಮನೆಯಿಂದ ಎಷ್ಟೇ ದೂರದಲ್ಲಿದ್ದರೂ.