ಹಳದಿ ಕಾಗದ, ಗುಲಾಬಿ ಕಾಗದ

ರಸ್ತೆಯ ಸೈಕಲ್ ರೇಸ್ ನೋಡುಗರಿಗೆ ಹೇಳಿ ಮಾಡಿಸಿದ ಆಟವಲ್ಲ. ಬುತ್ತಿ ಕಟ್ಟಿಕೊಂಡು ಬೆಳಗಿನಿಂದ ದಾರಿಬದಿಯಲ್ಲಿ ಕಾದು ನಿಂತರೆ ಬಣ್ಣಬಣ್ಣದ ಗುಂಪೊಂದು ಸರ್ರನೆ ಬಂದು ಕಣ್ಣು ಮಿಟುಕಿಸುವಷ್ಟರಲ್ಲಿ ತಿರುವಿನಾಚೆ ಮರೆಯಾಗುತ್ತದೆ. ಯಾರು ಬಿದ್ದರು, ಯಾರು ಯಾರಿಗೆ ಕೈಕೊಟ್ಟರು ಎಂಬುದೆಲ್ಲ ಮರುದಿನ ಓದಿದ ಮೇಲೆ ತಿಳಿಯಬೇಕು. ಯುರೋಪಿನ ಹಿರಿಯ ಸೈಕ್ಲಿಂಗ್ ಅಭಿಮಾನಿಗಳು ಹಳೆಯ ಪತ್ರಿಕೆಗಳ ಕಟ್ಟನ್ನು ಅಟ್ಟದಿಂದ ಇಳಿಸಿ ಮೂಸಿ ನೋಡುವುದನ್ನು ಬರೀ ಹಳಹಳಿಕೆ ಎಂದು ತಳ್ಳಿಹಾಕಲಾಗದು. ಅವರು ರೇಸ್ ನೋಡಿದ್ದೇ ಆ ಪುಟಗಳಲ್ಲಿ. ಹಾಗೆ ನೋಡಿದರೆ, ಆ ರೇಸುಗಳು ಹುಟ್ಟಿದ್ದೂ ಪತ್ರಿಕೆ ಮಾರುವುದಕ್ಕಾಗಿ.

1890ರ ದಶಕದ ಪ್ಯಾರಿಸ್‌ನಲ್ಲಿ ಕ್ರೀಡಾ ಪತ್ರಿಕೆ ಎಂದರೆ ಹಸಿರು ಕಾಗದದ ‘ಲ ವೆಲೊ’ (ವೆಲೊ ಎಂದರೆ ಸೈಕಲ್). ಅದರ ಸಂಪಾದಕ ಪಿಯರ್ ಜಿಫಾರ್. ಬೇಹುಗಾರಿಕೆಯ ಸುಳ್ಳು ಆರೋಪದಲ್ಲಿ ಶಿಕ್ಷೆಗೊಳಗಾದ ಯಹೂದಿ ಸೇನಾಧಿಕಾರಿ ಡ್ರೈಫಸ್ ಅವರ ಪ್ರಕರಣ ಫ್ರಾನ್ಸನ್ನು ಎರಡು ಹೋಳಾಗಿಸಿದಾಗ ಜಿಫಾರ್ ಡ್ರೈಫಸ್ ಪರ ನಿಂತರು. ಅವರಿಗೆ ಜಾಹೀರಾತು ಕೊಡುತ್ತಿದ್ದ ಮೋಟಾರು ಉದ್ಯಮಿ ಕೌಂಟ್ ದ ದಿಯೋನ್ ಎದುರು ಪಾಳೆಯದವರು. 1899ರಲ್ಲಿ ಕುದುರೆ ರೇಸಿನ ಮೈದಾನವೊಂದರಲ್ಲಿ ಫ್ರಾನ್ಸ್ ಅಧ್ಯಕ್ಷರ ಎದುರೇ ನಡೆದ ಗಲಾಟೆಯಲ್ಲಿ ಸಿಕ್ಕಿಬಿದ್ದು ಅವರು ಜೈಲಿಗೂ ಹೋಗಿಬಂದರು. ಜಿಫಾರ್ ಅದನ್ನು ಟೀಕಿಸಿದ್ದೇ ತಡ, ದಿಯೋನ್ ಜಾಹೀರಾತು ನಿಲ್ಲಿಸಿ, ಇತರ ಉದ್ಯಮಿಗಳನ್ನು ಕೂಡಿಕೊಂಡು 1900ರಲ್ಲಿ ಎದುರಾಳಿ ಪತ್ರಿಕೆಯನ್ನೇ ತಂದರು. ಹೆಸರು ‘ಲೊಟೊ-ವೆಲೊ’, ಕಾಗದ ಹಳದಿ, ಸಂಪಾದಕ ಮಾಜಿ ಸೈಕಲ್ ಪಟು ಹೆನ್ರಿ ದೆಗ್ರಾಂಜ್. ಜಿಫಾರ್ ಕೋರ್ಟಿಗೆ ಹೋದರು. 1903ರ ಜನವರಿಯಲ್ಲಿ ತೀರ್ಪು ಬಂದು ಹೊಸ ಪತ್ರಿಕೆಯ ಹೆಸರಿನಿಂದ ‘ವೆಲೊ’ ಉದುರಿ ಬರೀ ‘ಲೊಟೊ’ ಉಳಿಯಿತು.

ಹೆಸರಿನಲ್ಲೇ ಸೈಕಲ್ ಇಲ್ಲದ ಮೇಲೆ ಸೈಕಲ್ ಪ್ರಿಯರು ಯಾಕೆ ಕೊಳ್ಳಬೇಕು? ಕೆಲವೇ ವಾರಗಳ ಹಿಂದೆ ಊಟದ ಮೇಜಿನಲ್ಲಿ ಯುವ ವರದಿಗಾರ ಜೆಯೊ ಲಫೆವ್ರ್ ಆಡಿದ್ದ ಮಾತು ಆಗ ಉಪಯೋಗಕ್ಕೆ ಬಂತು. ಇಡೀ ಫ್ರಾನ್ಸ್ ಸುತ್ತುವ ರೇಸ್ ನಡೆಸಿದರೆ ಹೇಗೆ ಎಂದು ಅವರು ಕೇಳಿದ್ದರು. ಅದೇ ಟೂರ್ ದ ಫ್ರಾನ್ಸ್ ಆಯಿತು. 1903ರ ಜುಲೈ 1ರಂದು 60 ಮಂದಿ ಪ್ಯಾರಿಸ್ ಹೊರವಲಯದಿಂದ ಲಿಯಾನ್ ಕಡೆಗೆ ಹೊರಟರು. ಮೊದಲ ಹಂತವೇ 467 ಕಿಲೋಮೀಟರ್, ರಾತ್ರಿಯಿಡೀ ತುಳಿಯಬೇಕು. ದೆಗ್ರಾಂಜ್ ಆರಂಭಕ್ಕೂ ಬರಲಿಲ್ಲ. ಯೋಜನೆ ಮುಗ್ಗರಿಸಿದರೆ ಮುಖ ಉಳಿಯಲಿ ಎಂಬ ಲೆಕ್ಕವಿದ್ದೀತು. ಲಫೆವ್ರ್ ರೈಲು ಹತ್ತಿ, ಸೈಕಲ್ ತುಳಿದು, ತೀರ್ಪುಗಾರನೂ ವರದಿಗಾರನೂ ತಾನೇ ಆಗಿ ಹಿಂದೆ ಬಿದ್ದರು. ಪೂರ್ತಿ ರೇಸ್ ಕಂಡ ಮನುಷ್ಯ ಫ್ರಾನ್ಸಿನಲ್ಲಿ ಒಬ್ಬನೂ ಇರಲಿಲ್ಲ. ಕತ್ತಲಲ್ಲಿ ನಡೆದದ್ದನ್ನು ಹಳದಿ ಕಾಗದ ಹೇಳಿದಂತೆಯೇ ನಂಬಬೇಕಿತ್ತು. ಜನ ನಂಬಿದರು, ಕೊಂಡರು. ಮರುವರ್ಷವೇ ‘ಲ ವೆಲೊ’ ಬಾಗಿಲು ಮುಚ್ಚಿತು. 1933ರ ಟೂರ್ ವೇಳೆಗೆ ‘ಲೊಟೊ’ ಪ್ರಸಾರ 8,54,000 ಪ್ರತಿ ಮುಟ್ಟಿತ್ತು.

ಇಟಲಿಯಲ್ಲಿ 1909ರಲ್ಲಿ ದೇಶ ಸುತ್ತುವ ಅಂಥದೇ ರೇಸ್ ಗಿರೋವನ್ನು ಆರಂಭಿಸಿದ್ದು ಗುಲಾಬಿ ಕಾಗದದ ‘ಗಜೆಟಾ ಡೆಲ್ಲೊ ಸ್ಪೋರ್ಟ್’. ಟೂರ್‌ನಲ್ಲಿ ಮುಂದಿರುವವರಿಗೆ 1919ರಿಂದ ಹಳದಿ ಅಂಗಿ, ಗಿರೋದಲ್ಲಿ 1931ರಿಂದ ಗುಲಾಬಿ ಅಂಗಿ. ಎರಡೂ ಪತ್ರಿಕೆಗಳ ಬಣ್ಣವೇ. ಯುದ್ಧಕಾಲದಲ್ಲಿ ಜರ್ಮನ್ನರ ಹಿಡಿತದ ಅಡಿಯಲ್ಲೂ ಪ್ರಕಟವಾಗುತ್ತಿದ್ದ ‘ಲೊಟೊ’ವನ್ನು 1944ರಲ್ಲಿ ಮುಚ್ಚಿಸಲಾಯಿತು. 1946ರಲ್ಲಿ ಅದರ ವಾರಸುದಾರನಾಗಿ ಬಂದ ‘ಲೆಕಿಪ್’ ಬಿಳಿ ಕಾಗದದಲ್ಲೇ ಅಚ್ಚಾಗಬೇಕಾಯಿತು. ಹಳದಿಗೆ ಅಷ್ಟು ಕಳಂಕ ಅಂಟಿತ್ತು, ಅಂಗಿಗೆ ಮಾತ್ರ ಅಂಟಲಿಲ್ಲ.

ಇಂದಿನ ಹಂಬಲಕ್ಕೆ ನಿಜವಾದ ಗುರಿ ಯುದ್ಧಾನಂತರದ ಸಚಿತ್ರ ಪತ್ರಿಕೆಗಳು: ‘ಮಿರ್ವಾರ್-ಸ್ಪ್ರಿಂಟ್’, 1960ರಲ್ಲಿ ಆರಂಭವಾದ ‘ಮಿರ್ವಾರ್ ದ್ಯು ಸಿಕ್ಲಿಸ್ಮ್’. ಒಂದೇ ಶಾಯಿಯ ಕಂದು ಇಲ್ಲವೇ ಹಸಿರು ಛಾಯೆಯ ದೊಡ್ಡ ಪುಟಗಳು, ಧೂಳು ಮೆತ್ತಿದ ಮುಖಗಳು. 1964ರ ಜುಲೈ 12ರಂದು, ಟೂರ್‌ನ ಪ್ಯುಯ್ ದ ಡೋಮ್ ಬೆಟ್ಟದಲ್ಲಿ ಫ್ರೆಂಚ್ ಸವಾರರಾದ ಆಂಕೆಟಿಲ್, ಪುಲಿಡೋರ್ ಇಬ್ಬರೂ ಮೊಣಕೈಗೆ ಮೊಣಕೈ ತಾಗಿಸಿ ಏರಿದ ಚಿತ್ರ ಆ ಕಾಲದ್ದು. ಕೊನೆಯಲ್ಲಿ ಪುಲಿಡೋರ್ 42 ಸೆಕೆಂಡ್ ಕಿತ್ತುಕೊಂಡರೂ ಆಂಕೆಟಿಲ್ 14 ಸೆಕೆಂಡ್ ಅಂತರದಲ್ಲಿ ಹಳದಿ ಅಂಗಿ ಉಳಿಸಿಕೊಂಡರು. ಈ ಅಂಕಿಗಳು ಮರೆತುಹೋಗುತ್ತವೆ, ಮೊಣಕೈಗಳು ಮರೆಯುವುದಿಲ್ಲ.

ಈ ಪತ್ರಿಕೆಗಳಿಗೆ ಫ್ರೆಂಚ್ ಬಾರದ ಇಂಗ್ಲಿಷರೂ ಮುಗಿಬಿದ್ದರು. ಅಲ್ಲಿನ ಸೈಕ್ಲಿಂಗ್ ಒಕ್ಕೂಟ ಪೊಲೀಸರಿಗೆ ಹೆದರಿ ಸಾರ್ವಜನಿಕ ರಸ್ತೆಯಲ್ಲಿ ಗುಂಪು ರೇಸನ್ನೇ ನಿಷೇಧಿಸಿತ್ತು. ಬೆಳಕು ಹರಿಯುವ ಮುನ್ನ, ಕಪ್ಪು ಬಟ್ಟೆ ತೊಟ್ಟು, ಒಬ್ಬೊಬ್ಬರೇ ಗಡಿಯಾರದ ವಿರುದ್ಧ ತುಳಿಯುವುದೇ ಅಲ್ಲಿ ರೇಸ್. 1942ರಲ್ಲಿ ಪರ್ಸಿ ಸ್ಟಾಲರ್ಡ್ ಲ್ಯಾಂಗೊಲೆನ್‌ನಿಂದ ವುಲ್ವರ್‌ಹ್ಯಾಂಪ್ಟನ್‌ಗೆ ಗುಂಪು ರೇಸ್ ನಡೆಸಿ ಒಕ್ಕೂಟದಿಂದ ಹೊರಬಿದ್ದರು. ಅಂಥ ನಾಡಿನಲ್ಲಿ ಆಲ್ಪ್ಸ್ ಬೆಟ್ಟದ ತಿರುವಿನಲ್ಲಿ ಜನಜಂಗುಳಿಯ ನಡುವೆ ಏರುವ ಇಟಲಿಯ ಸವಾರ ಕೊಪ್ಪಿಯ ಚಿತ್ರ ಬೇರೆ ಲೋಕದ್ದೇ ಅನ್ನಿಸಿರಬೇಕು. 1955ರಲ್ಲಿ ಜಾಕ್ ವಾಡ್ಲಿ ಆರಂಭಿಸಿದ, ಮುಂದೆ ‘ಸ್ಪೋರ್ಟಿಂಗ್ ಸೈಕ್ಲಿಸ್ಟ್’ ಎಂದು ಹೆಸರಾದ ಪತ್ರಿಕೆ ಆ ಲೋಕವನ್ನು ಇಂಗ್ಲಿಷಿಗೆ ತಂದಿತು. 1968ರಲ್ಲಿ ಯಾರ್ಕ್‌ಷೈರ್‌ನಿಂದ ಹೊರಟ ‘ಇಂಟರ್‌ನ್ಯಾಷನಲ್ ಸೈಕಲ್ ಸ್ಪೋರ್ಟ್’ ಅದಕ್ಕೆ ಬಣ್ಣ ತುಂಬಿತು.

ಹಾಗೆಂದು ಆ ಪುಟಗಳನ್ನು ಪೂಜೆಗಿಡಬೇಕಿಲ್ಲ. 1967ರ ಟೂರ್‌ನಲ್ಲಿ ವಾಂತು ಬೆಟ್ಟದಲ್ಲಿ ಕುಸಿದು ಸತ್ತ ಇಂಗ್ಲಿಷ್ ಸವಾರ ಟಾಮ್ ಸಿಂಪ್ಸನ್ ‘ನನ್ನನ್ನು ಮತ್ತೆ ಸೈಕಲ್ ಹತ್ತಿಸಿ’ ಎಂದರೆಂದು ಲೋಕವೆಲ್ಲ ನಂಬಿದೆ. ಆ ಮಾತು ಸಿಡ್ ಸಾಲ್ಟ್‌ಮಾರ್ಶ್ ಎಂಬ ಪತ್ರಕರ್ತರ ಸೃಷ್ಟಿ. ಅವರು ಸ್ಥಳದಲ್ಲಿ ಇರಲಿಲ್ಲ, ರೇಡಿಯೊ ಸಹ ಕೇಳಿಸದ ಜಾಗದಲ್ಲಿದ್ದರು. ಸಿಂಪ್ಸನ್ ದೇಹದಲ್ಲಿ ಆಂಫೆಟಮೈನ್ ಎಂಬ ಉತ್ತೇಜಕ ಮದ್ದು ಸಿಕ್ಕಿತು. ಸವಾರರ ಮಾತ್ರೆಗಳ ಗುಟ್ಟು ಹಿಂದೆ ಬರುವ ಕಾರುಗಳಲ್ಲಿದ್ದ ಪತ್ರಕರ್ತರಿಗೆ ಮೊದಲೇ ಗೊತ್ತಿತ್ತು. ಪುಟಗಳಲ್ಲಿ ವೀರರಷ್ಟೇ ಇದ್ದರು. ಕಣ್ಣಿಗೆ ಕಾಣದ ಆಟವನ್ನು ಮಾತಿನಲ್ಲಿ ಕಟ್ಟಿಕೊಡುವವನಿಗೆ ಸಿಗುವ ಸಲಿಗೆ ಅದು.

ಆ ಸಲಿಗೆಯನ್ನು ಟಿ.ವಿ. ಕಸಿದುಕೊಂಡಿತು. ಹೆಲಿಕಾಪ್ಟರ್ ಮೇಲಿನಿಂದ ಎಲ್ಲವನ್ನೂ ತೋರಿಸತೊಡಗಿದ ಮೇಲೆ ಮೂರು ವಾರ ತಡವಾಗಿ ಬರುವ ಮಾಸಿಕಕ್ಕೆ ಹೇಳಲು ಹೆಚ್ಚೇನೂ ಉಳಿಯಲಿಲ್ಲ. ಅಂತರ್ಜಾಲ ಫಲಿತಾಂಶವನ್ನೂ ಕೊಂಡೊಯ್ದಿತು. ‘ಇಂಟರ್‌ನ್ಯಾಷನಲ್ ಸೈಕಲ್ ಸ್ಪೋರ್ಟ್’ 1984ರಲ್ಲಿ, ‘ಮಿರ್ವಾರ್ ದ್ಯು ಸಿಕ್ಲಿಸ್ಮ್’ 1994ರಲ್ಲಿ ನಿಂತವು. 2006ರಲ್ಲಿ ಬಂದ ಇಂಗ್ಲಿಷ್ ಪತ್ರಿಕೆ ‘ರುಲರ್’ ದಪ್ಪ ಕಾಗದ, ದೊಡ್ಡ ಚಿತ್ರಗಳೊಂದಿಗೆ ಕಪಾಟಿನಲ್ಲಿಡುವ ವಸ್ತುವಾಗಿಯೇ ಹುಟ್ಟಿತು. ಹಳೆಯವನ್ನು ಯಾರೂ ಕಪಾಟಿನಲ್ಲಿಡಲೆಂದು ಅಚ್ಚು ಹಾಕಿರಲಿಲ್ಲ.

ಅದಕ್ಕೇ ಈಗ ಚೆನ್ನಾಗಿರುವ ಪ್ರತಿ ಸಿಗುವುದು ಕಷ್ಟ. ನಮ್ಮಲ್ಲಿ ‘ಸ್ಪೋರ್ಟ್‌ಸ್ಟಾರ್’ ನಡುಪುಟದ ಪೋಸ್ಟರನ್ನು ಅನ್ನದ ಅಂಟಿನಿಂದ ಗೋಡೆಗೆ ಹಚ್ಚಿದವರಿಗೆ ಇದರ ಕಾರಣ ಬಿಡಿಸಿ ಹೇಳಬೇಕಿಲ್ಲ. ಹುಡುಗರಾಗಿದ್ದಾಗ ಬೆಲ್ಜಿಯಂನ ಸವಾರ ಮರ್ಕ್ಸ್ ಚಿತ್ರವನ್ನು ಪಿನ್ ಕಿತ್ತು ಹರಿದುಕೊಂಡವರೇ ಇಂದು ಅದೇ ಸಂಚಿಕೆಯನ್ನು ಹುಡುಕುತ್ತಾರೆ. ಕೊಳ್ಳುವ ಮೊದಲು ನಡುಪುಟ ಇದೆಯೇ ಎಂದು ವಿಚಾರಿಸುತ್ತಾರೆ.