ಜುಲೈ ಮುಗೀತಾ ಬಂತು, ಈಗ ಬೀಜ ಹಾಕಬಹುದಾ?

ಪ್ರಶ್ನೆ: ನಾವಿರೋದು ನ್ಯೂಜೆರ್ಸಿಯಲ್ಲಿ. ಬಟಾಣಿ ಮುಗಿದು ಒಂದು ಪಾತಿ ಖಾಲಿ ಇದೆ. ಚಳಿಗಾಲದ ತರಕಾರಿಗೆ ಈಗ ಬೀಜ ಹಾಕಬಹುದಾ, ತಡ ಆಯ್ತಾ?

ತಡ ಆಗಿಲ್ಲ, ಈ ವಾರವೇ ಹಾಕಿ. ಬಿಸಿಲು ಇಳಿಯಲಿ ಅಂತ ಸೆಪ್ಟೆಂಬರ್‌ವರೆಗೆ ಕಾದರೆ ಕ್ಯಾರೆಟ್ ಬೆರಳು ಗಾತ್ರಕ್ಕೂ ಬರುವುದಿಲ್ಲ.

ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ನ್ಯೂಜೆರ್ಸಿಯ ನಡುಭಾಗದಲ್ಲಿ ಮೊದಲ ಫ್ರಾಸ್ಟ್ (ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ) ಸಾಮಾನ್ಯವಾಗಿ ಅಕ್ಟೋಬರ್ ಮಧ್ಯದಿಂದ ಕೊನೆಯೊಳಗೆ ಬೀಳುತ್ತದೆ. ಅಕ್ಟೋಬರ್ 20 ಅಂತಲೇ ಇಟ್ಟುಕೊಳ್ಳಿ. ಕ್ಯಾರೆಟ್ ಪೊಟ್ಟಣದ ಮೇಲೆ ಬಿತ್ತನೆಯಿಂದ ಕೊಯ್ಲಿಗೆ 70 ದಿನ ಅಂತ ಇರುತ್ತೆ. ಅದಕ್ಕೆ ಇನ್ನೂ 14 ದಿನ ಸೇರಿಸಿ. ಪೊಟ್ಟಣದ ಲೆಕ್ಕ ವಸಂತದ್ದು, ಆಗ ಹಗಲು ಉದ್ದವಾಗುತ್ತಾ ಹೋಗುತ್ತದೆ. ಈಗ ದಿನದಿನಕ್ಕೂ ಮೊಟಕಾಗುತ್ತಿದೆ, ಗಿಡ ನಿಧಾನವಾಗಿ ಬೆಳೆಯುತ್ತದೆ. ಒಟ್ಟು 84 ದಿನ, ಅಂದರೆ ಜುಲೈ 28ಕ್ಕೆ ಬಿತ್ತನೆ. ಉದ್ದ ಬಿಳಿ ಮೂಲಂಗಿ 60 ದಿನದ್ದಾದರೆ ಆಗಸ್ಟ್ ಮೊದಲ ವಾರ. ಚಿಕ್ಕ ಕೆಂಪು ಮೂಲಂಗಿಗೆ ಸೆಪ್ಟೆಂಬರ್ ಶುರುವಿನವರೆಗೂ ಅವಕಾಶವಿದೆ.

ನಿಜವಾದ ಕಷ್ಟ ಈಗಿನ ಬಿಸಿಲು. ಕ್ಯಾರೆಟ್ ಬೀಜವನ್ನು ಅರ್ಧ ಇಂಚಿಗಿಂತ ಆಳ ಹಾಕುವ ಹಾಗಿಲ್ಲ, ಅಷ್ಟು ಮೇಲಿನ ಮಣ್ಣು ಮಧ್ಯಾಹ್ನದೊಳಗೆ ಒಣಗಿ ಹೊಪ್ಪಳೆ ಕಟ್ಟುತ್ತದೆ. ಸಂಜೆ ಸಾಲಿಗೆ ಚೆನ್ನಾಗಿ ನೀರುಣಿಸಿ, ಬೀಜ ಹಾಕಿ, ಮೇಲೆ ಒದ್ದೆ ಗೋಣಿಚೀಲ ಹಾಸಿ. ಗೋಣಿ ಒಣಗಲು ಬಿಡಬೇಡಿ. ನಾಲ್ಕನೇ ದಿನದಿಂದ ಅಂಚು ಎತ್ತಿ ನೋಡ್ತಾ ಇರಿ. ಎಳೆಯಂಥ ಹಸಿರು ಮೊಳಕೆ ಕಂಡ ಸಂಜೆಯೇ ಗೋಣಿ ತೆಗೆದುಬಿಡಿ, ಒಂದೆರಡು ದಿನ ಬಿಟ್ಟರೂ ಮೊಳಕೆ ಬೆಳ್ಳಗಾಗಿ ಬಾಗುತ್ತದೆ. ಇಷ್ಟು ಕಷ್ಟಪಟ್ಟದ್ದಕ್ಕೆ ಫಲ ಖಂಡಿತ ಇದೆ. ಚಳಿ ತಡೆದುಕೊಳ್ಳಲು ಕ್ಯಾರೆಟ್ ತನ್ನಲ್ಲಿರುವ ಪಿಷ್ಟವನ್ನು ಸಕ್ಕರೆ ಮಾಡಿಕೊಳ್ಳುತ್ತದೆ. ಫ್ರಾಸ್ಟ್ ಬಿದ್ದ ಮೇಲೆ ಕಿತ್ತದ್ದರ ಸಿಹಿ ಬೇಸಿಗೆಯ ಕ್ಯಾರೆಟ್‌ಗೆ ಎಂದೂ ಬರಲ್ಲ.

ನವಿಲುಕೋಸನ್ನೂ ಈಗಲೇ ಹಾಕಿ. ಆದರೆ ಬಿಳಿ ಚಿಟ್ಟೆ ಹಾರಾಡುವುದು ಕಂಡರೆ ಸುಮ್ನೆ ಇರಬೇಡಿ. ಅದು ಎಲೆಯಡಿ ಮೊಟ್ಟೆ ಇಡುತ್ತದೆ, ಹಸಿರು ಹುಳು ಎಲೆಯ ಬಣ್ಣದಲ್ಲೇ ಇರೋದರಿಂದ ಕಣ್ಣಿಗೆ ಬೀಳುವ ಹೊತ್ತಿಗೆ ಎಲೆ ಜಾಸ್ತಿ ಹೋಗಿರುತ್ತದೆ. ಸಸಿ ನೆಟ್ಟ ದಿನವೇ ಸಣ್ಣ ಕಣ್ಣಿನ ಬಲೆ ಹೊದಿಸಿ, ಅಂಚನ್ನು ಮಣ್ಣಲ್ಲಿ ಹೂಳಿ.

ಸೊಪ್ಪಿಗೆ ಮಾತ್ರ ಅವಸರ ಬೇಡ. ಬಿಸಿ ಮಣ್ಣಲ್ಲಿ ಪಾಲಕ್ ಸರಿಯಾಗಿ ಮೊಳೆಯುವುದಿಲ್ಲ, ಕೊತ್ತಂಬರಿ ಬೇಗ ಹೂವಿಗೆ ಬರುತ್ತದೆ. ಮೆಂತ್ಯವೂ ಸೇರಿ ಮೂರನ್ನೂ ಆಗಸ್ಟ್ ಕೊನೆಗೆ ಹಾಕಿ.

ಅವರೆಕಾಯಿ ಹಾಕಬಹುದಾ ಅಂತಲೂ ತುಂಬಾ ಜನ ಕೇಳ್ತಾರೆ. ನಮ್ಮೂರಿನ ಹಳೇ ತಳಿಗಳು ಹಗಲು ಚಿಕ್ಕದಾದ ಮೇಲೇ ಹೂ ಬಿಡುತ್ತವೆ. ಇಲ್ಲಿ ಕಾಯಿ ಕಟ್ಟುವ ಮೊದಲೇ ಫ್ರಾಸ್ಟ್ ಬಿದ್ದು ಬಳ್ಳಿ ಕರಕಲಾಗುತ್ತದೆ. ಹಗಲಿನ ಉದ್ದ ನೋಡದೆ ಹೂ ಬಿಡುವ ತಳಿಯ ಬೀಜ ಹುಡುಕಿಟ್ಟುಕೊಳ್ಳಿ, ಮುಂದಿನ ಮೇ ಕೊನೆಗೆ ಹಾಕೋಣ.