ಆರು ಸಾಲಿನ ಪ್ಯಾಚ್‌ಗೆ ಇಷ್ಟೊಂದು ಮಡಿ ಯಾಕೆ?

ಲಿನಕ್ಸ್ ಕರ್ನಲ್‌ಗೆ, ಅಂದರೆ ಆ ಆಪರೇಟಿಂಗ್ ಸಿಸ್ಟಂನ ತಿರುಳಿಗೆ, ನಾನು ಕಳಿಸಿದ ಮೊದಲ ಪ್ಯಾಚ್‌ನಲ್ಲಿ (ಕೋಡ್ ತಿದ್ದುಪಡಿಯಲ್ಲಿ) ಬದಲಾಗಿದ್ದು ಬರೀ ಆರು ಸಾಲು. ಒಂದು ಸಣ್ಣ ಬಗ್ ಸರಿ ಮಾಡಿದ್ದೆ. ಕೈ ಹಾಕಿದ್ದೇನೆ, ಇರಲಿ ಅಂತ ಪಕ್ಕದ ಕಾಮೆಂಟ್‌ನಲ್ಲಿದ್ದ ಸ್ಪೆಲಿಂಗ್ ತಪ್ಪನ್ನೂ ತಿದ್ದಿದ್ದೆ. ಉತ್ತರ ಬಂತು: ಇವು ಎರಡು ಬೇರೆ ಬೇರೆ ಕೆಲಸ, ಎರಡು ಪ್ಯಾಚ್ ಮಾಡಿ ಕಳಿಸಿ. ಆರು ಸಾಲಿಗೆ ಇಷ್ಟೊಂದು ಮಡಿಯಾ ಅಂತ ಸಿಟ್ಟೇ ಬಂತು.

ಆ ಮಡಿ ಯಾಕೆ ಅಂತ ಅರ್ಥವಾಗಿದ್ದು ಕೋಡ್ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನ ‘ಬೈಸೆಕ್ಟ್’ ಬಳಸಿದ ಮೇಲೆ. ಹಳೆಯ ಕರ್ನಲ್‌ನಲ್ಲಿ ಕೆಲಸ ಮಾಡುತ್ತಿದ್ದ ಲ್ಯಾಪ್‌ಟಾಪ್ ಮೈಕ್ ಹೊಸದರಲ್ಲಿ ಸುಮ್ಮನಾಗಿದೆ ಅಂದುಕೊಳ್ಳಿ. ನಡುವೆ 10,000 ಕಮಿಟ್‌ಗಳು, ಅಂದರೆ ದಾಖಲಾದ ಬದಲಾವಣೆಗಳು, ಸೇರಿವೆ. ಲಿನಕ್ಸ್‌ನ ಒಂದು ಆವೃತ್ತಿಗೂ ಇನ್ನೊಂದಕ್ಕೂ ನಡುವೆ ಅಷ್ಟು ಸೇರುವುದು ಮಾಮೂಲಿ. ಕಳ್ಳ ಯಾರು?

ಬೈಸೆಕ್ಟ್ ನಿಮ್ಮನ್ನು ಸೀದಾ ನಟ್ಟನಡುವಿನ ಕಮಿಟ್‌ಗೆ ಕರೆದೊಯ್ಯುತ್ತದೆ. ಅಲ್ಲಿನ ಕರ್ನಲ್ ಕಂಪೈಲ್ ಮಾಡಿ, ಬೂಟ್ ಮಾಡಿ, ಮೈಕ್ ಮುಂದೆ ‘ಹಲೋ’ ಅನ್ನಿ. ಕೇಳಿಸಿತಾ? ಹಾಗಾದರೆ ಕಳ್ಳ ಆಮೇಲಿನ ಅರ್ಧದಲ್ಲಿದ್ದಾನೆ. 10,000 ಇದ್ದದ್ದು 5,000 ಆಯಿತು. ಮತ್ತೆ ನಡುವಿಗೆ ಹೋಗಿ. 2,500, 1,250... ಹೆಚ್ಚೆಂದರೆ 14 ಸುತ್ತಿಗೆ ಸಿಕ್ಕಿಬೀಳುತ್ತಾನೆ.

ಸಿಕ್ಕಿದ ಕಮಿಟ್‌ನಲ್ಲಿ ಒಂದೇ ಬದಲಾವಣೆ ಇದ್ದರೆ ಅಲ್ಲಿಗೆ ಪತ್ತೆದಾರಿ ಮುಗಿಯಿತು. ಐದು ಕೆಲಸ ಕಲಸಿಟ್ಟಿದ್ದರೆ? ಅಷ್ಟೆಲ್ಲ ಕಷ್ಟಪಟ್ಟು ಐದು ಜನರ ಗುಂಪನ್ನು ಹಿಡಿದಂತಾಯಿತು. ಇದೇ ಕಾರಣಕ್ಕೆ ಇನ್ನೊಂದು ನಿಯಮವೂ ಇದೆ: ನೀವು ಹತ್ತು ಪ್ಯಾಚ್‌ಗಳ ಸರಣಿ ಕಳಿಸಿದರೆ, ಪ್ರತಿಯೊಂದು ಸೇರಿದ ಮೇಲೂ ಕರ್ನಲ್ ಕಂಪೈಲ್ ಆಗಬೇಕು, ಓಡಬೇಕು. ಮೂರನೆಯದರಲ್ಲಿ ಮುರಿದು ನಾಲ್ಕನೆಯದರಲ್ಲಿ ಸರಿ ಮಾಡುತ್ತೇನೆ ಅನ್ನುವ ಹಾಗಿಲ್ಲ. ಯಾರದೋ ಬೈಸೆಕ್ಟ್ ಆ ಮೂರನೆಯದರ ಮೇಲೇ ಬಂದು ನಿಲ್ಲಬಹುದು, ಅಲ್ವಾ?

ಪ್ಯಾಚ್ ಜೊತೆಗಿನ ವಿವರಣೆಯನ್ನು ಹೊಸಬರು ಹಗುರವಾಗಿ ನೋಡುತ್ತಾರೆ. ಏನು ಬದಲಾಯಿತು ಅನ್ನುವುದನ್ನು ಕೋಡೇ ಹೇಳುತ್ತದೆ. ಯಾಕೆ ಅನ್ನುವುದನ್ನು ನೀವೇ ಬರೆಯಬೇಕು. ಅದೂ ಅಪ್ಪಣೆ ಕೊಟ್ಟ ಹಾಗೆ: ‘ತಿದ್ದಿದ್ದೇನೆ’ ಬೇಡ, ‘ತಿದ್ದು’. ಹಳೆಯ ಯಾವುದೋ ಕಮಿಟ್‌ನಿಂದ ಬಂದ ಬಗ್ ಆಗಿದ್ದರೆ ‘ಫಿಕ್ಸಸ್’ ಅನ್ನುವ ಸಾಲಿನಲ್ಲಿ ಅದರ ಗುರುತಿನ ಮೊದಲ 12 ಅಕ್ಷರ ಕೊಡಬೇಕು. ಹಳೆಯ ಆವೃತ್ತಿಗಳನ್ನು ನೋಡಿಕೊಳ್ಳುವವರಿಗೆ, ಈ ಮದ್ದು ಯಾವುದಕ್ಕೆಲ್ಲ ಬೇಕು ಅಂತ ಇದರಿಂದ ಗೊತ್ತಾಗುತ್ತದೆ.

ಕೊನೆಯಲ್ಲಿ ‘ಸೈನ್ಡ್-ಆಫ್-ಬೈ’ ಸಾಲು, ಅಂದರೆ ನಿಮ್ಮ ರುಜು. ಈ ಕೋಡ್ ಕೊಡುವ ಹಕ್ಕು ನನಗಿದೆ ಅನ್ನುವ ಮಾತು ಅದು. 2003ರಲ್ಲಿ ಎಸ್‌ಸಿಒ ಕಂಪನಿ ಲಿನಕ್ಸ್‌ನಲ್ಲಿ ತನ್ನ ಕೋಡ್ ಸೇರಿದೆ ಅಂತ ಐಬಿಎಂ ಮೇಲೆ ಕೇಸು ಹಾಕಿತ್ತು. ಯಾವ ಸಾಲು ಯಾರಿಂದ ಬಂತು ಅನ್ನುವುದಕ್ಕೆ ಲೆಕ್ಕ ಇರಲಿ ಅಂತ 2004ರಲ್ಲಿ ಲಿನಕ್ಸ್ ಹುಟ್ಟುಹಾಕಿದ ಲೀನಸ್ ಟೊರ್ವಾಲ್ಡ್ಸ್ ಈ ಪದ್ಧತಿ ತಂದರು.

ಕರ್ನಲ್ ಪ್ಯಾಚ್ ಇವತ್ತಿಗೂ ಮೇಲ್‌ನಲ್ಲೇ ಹೋಗುತ್ತದೆ. ಅಟ್ಯಾಚ್‌ಮೆಂಟ್ ಬೇಡ, ಬಣ್ಣ-ಬೆಡಗು ಬೇಡ, ಬರೀ ಅಕ್ಷರ. ಇಲ್ಲೂ ನಾನು ಎಡವಿದ್ದೆ. ನನ್ನ ಮೇಲ್ ಪ್ರೋಗ್ರಾಂ ಟ್ಯಾಬ್‌ಗಳನ್ನೆಲ್ಲ ಸ್ಪೇಸ್ ಮಾಡಿ ಕಳಿಸಿತ್ತು. ಕಣ್ಣಿಗೆ ಎರಡೂ ಒಂದೇ. ಆದರೆ ಪ್ಯಾಚ್ ತನ್ನ ಜಾಗ ಹುಡುಕುವುದು ಬದಲಾದ ಸಾಲಿನ ಮೇಲೆ ಕೆಳಗೆ ಇರುವ ಮೂರು ಮೂರು ಸಾಲು ನೋಡಿ. ಅಲ್ಲಿ ಟ್ಯಾಬ್ ಇದ್ದ ಕಡೆ ಸ್ಪೇಸ್ ಬಂದರೆ ಪ್ಯಾಚ್ ಕೂರುವುದೇ ಇಲ್ಲ. ‘ಗಿಟ್ ಸೆಂಡ್-ಇಮೇಲ್’ ಬಳಸಿದರೆ ಈ ತಲೆನೋವಿಲ್ಲ.

ಆಮೇಲೆ ಕಾಯಬೇಕು. ಹೊಸ ಫೀಚರ್‌ಗಳಿಗೆ ಬಾಗಿಲು ತೆರೆಯುವುದು ಎರಡು ವಾರ ಮಾತ್ರ. ನಂತರ ಸುಮಾರು ಏಳು ವಾರ ಬರೀ ರಿಪೇರಿ. ಉತ್ತರ ಬರಲಿಲ್ಲ ಅಂತ ಮರುದಿನವೇ ಆ ಭಾಗದ ಕೋಡ್ ನೋಡಿಕೊಳ್ಳುವ ಮೇಂಟೇನರ್ ಬಾಗಿಲು ಬಡಿಯಬೇಡಿ.

ನನ್ನ ಸ್ಪೆಲಿಂಗ್ ಪ್ಯಾಚ್ ಎರಡೇ ದಿನದಲ್ಲಿ ಒಪ್ಪಿಗೆಯಾಯಿತು. ಬಗ್ ಪ್ಯಾಚ್ ನಾಲ್ಕನೇ ಸಲ ತಿದ್ದಿ ಕಳಿಸುವ ತನಕ ಓಡಾಡಿತು. ಒಟ್ಟಿಗೆ ಇದ್ದಿದ್ದರೆ ಆ ಒಂದಕ್ಷರದ ತಿದ್ದುಪಡಿಯೂ ಸುಮ್ನೆ ಅದರ ಜೊತೆ ಕಾಯುತ್ತಾ ಕೂತಿರುತ್ತಿತ್ತು.